ಕೀ ಮಾತ್ರ ಕೊಡು

ನನ್ನ ಕಾರಿನ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳದ ನೆಂಟರು ನನಗೆ ಯಾರೂ ಇಲ್ಲ. ಅದು ತಗ್ಗಿನ ಕಾರು, ಹಿಂದೆ ಡಿಕ್ಕಿ ಉದ್ದ, ನಮ್ಮ ಕಡೆಯ ಏರುತಗ್ಗಿನ ದಾರಿಗೆ ಹೇಳಿ ಮಾಡಿಸಿದ್ದಲ್ಲ, ಹಂಪು ಬಂದರೆ ಹೊಟ್ಟೆ ಉಜ್ಜುತ್ತದೆ, ಇದರ ಬದಲು ಎತ್ತರದ ಗಾಡಿ ತೆಗೆದುಕೊಳ್ಳಬೇಕಿತ್ತು. ಎಲ್ಲವೂ ನಿಜ. ಆದರೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಇದನ್ನು ಅವರ ಎದುರು ಒಪ್ಪಿಕೊಂಡಿಲ್ಲ, ಮುಂದೆ ಒಪ್ಪಿಕೊಳ್ಳುವ ಯೋಚನೆಯೂ ಇಲ್ಲ.

ಕಾರು ತೆಗೆದದ್ದು ನನ್ನ ಗಂಡ. ನಾವಾಗ ಕಾಸರಗೋಡು ಪೇಟೆಯಿಂದ ಸ್ವಲ್ಪ ಹೊರಗೆ ಮನೆ ಕಟ್ಟಿಕೊಂಡು ಹೊಸತರಲ್ಲಿದ್ದೆವು. ಶೋರೂಮಿನವನು ಸಣ್ಣ ಕಾರು ತೋರಿಸಿದ, ದೊಡ್ಡ ಕಾರು ತೋರಿಸಿದ. ಇವರು ಎರಡನ್ನೂ ಬಿಟ್ಟು ನಡುವಿನದರ ಹಿಂದೆ ಹೋಗಿ ನಿಂತು ಡಿಕ್ಕಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ನೋಡಿದರು.

"ಡಿಕ್ಕಿ ಇಲ್ಲದ ಕಾರು ಅಂದ್ರೆ ಜಗಲಿ ಇಲ್ಲದ ಮನೆ ಮಾರಾಯ್ತಿ. ಬಂದವರನ್ನು ಎಲ್ಲಿ ಕೂರಿಸುವುದು?"

"ಡಿಕ್ಕಿಯಲ್ಲಿ ಯಾರನ್ನು ಕೂರಿಸ್ತೀರಿ?" ಎಂದು ನಾನು ಕೇಳಿದೆ. ಶೋರೂಮಿನವನು ನಕ್ಕ. ಇವರಿಗೆ ಸಿಟ್ಟು ಬಂತು. ಅದೇ ಕಾರು ಮನೆಗೆ ಬಂತು.

ನಮಗೆ ಮಕ್ಕಳಿಲ್ಲ. ನನ್ನ ಅಣ್ಣನ ಮಗ ಆಗ ಕಾಲೇಜಿಗೆಂದು ನಮ್ಮ ಮನೆಯಲ್ಲೇ ಇದ್ದ. ಭಾನುವಾರ ಇವರೂ ಅವನೂ ಸೇರಿ ಕಾರು ತೊಳೆಯುವುದೆಂದರೆ ಅರ್ಧ ದಿನದ ಕೆಲಸ, ಮಧ್ಯೆ ಎರಡು ಸಲ ಚಹಾ ಆಗಬೇಕು. ಅವನ ಕಾಲೇಜು ಮುಗಿದು ಅವನು ಬದಿಯಡ್ಕದಲ್ಲಿ ಔಷಧಿ ಅಂಗಡಿ ಹಾಕಿದ ಮೇಲೆ ಇವರು ಒಬ್ಬರೇ ತೊಳೆಯುತ್ತಿದ್ದರು. ಹಾಗೆ ಒಂದು ಬೆಳಿಗ್ಗೆ ಕಾರು ತೊಳೆದು, ಬಕೆಟ್ ಕವುಚಿಟ್ಟು, ಒಳಗೆ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದಾಗ ಕಾರಿನ ಮಾತು ಬಂತು. ಎತ್ತಿದವರು ಸೋದರಮಾವ, ನನ್ನ ಅಮ್ಮನ ತಮ್ಮ. ನಮ್ಮ ಕುಟುಂಬದಲ್ಲಿ ಮದುವೆಯಿರಲಿ, ಸತ್ತವರ ಬೊಜ್ಜದ ಊಟವಿರಲಿ, ಯಾರು ಎಲ್ಲಿ ಕೂರಬೇಕು, ಪಾಯಸ ಯಾವಾಗ ಬರಬೇಕು ಎಂದು ಹೇಳುವವರು ಅವರು. ಅವರಿಗೆ ಎದುರಾಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ನಮ್ಮ ಮನೆಮಾತು ಬೇರೆ, ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೊಟ್ಟುಬಿಡು ಅದನ್ನು," ಎಂದರು ಮಾವ. "ನಿಂತರೆ ಬ್ಯಾಟರಿ ಹೋಗ್ತದೆ. ಇಲಿ ವಯರು ಕಡೀತದೆ. ಇನ್ನು ಓಡಿಸುವವರು ಯಾರುಂಟು?"

"ನಾನು ಓಡಿಸ್ತೇನೆ ಮಾವ."

ಅವರು ನನ್ನ ಮುಖವನ್ನು ನೋಡಿ, ಪಾಪ, ದುಃಖದಲ್ಲಿ ಹೇಳುತ್ತಿದ್ದಾಳೆ ಎಂಬಂತೆ ತಲೆಯಾಡಿಸಿದರು. ಸುಳ್ಳು ಹೇಳುವುದಿಲ್ಲ, ಆ ಕ್ಷಣದವರೆಗೆ ನನಗೆ ಕಾರು ಕಲಿಯುವ ಯಾವ ಆಸೆಯೂ ಇರಲಿಲ್ಲ. ಆ ತಲೆಯಾಡಿಸಿದ್ದು ನೋಡಿ ಆಸೆ ಹುಟ್ಟಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವವಳು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿದೆ. ಕೇರಳದಲ್ಲಿ ಲೈಸೆನ್ಸು ಬೇಕಾದರೆ ಮೊದಲು "ಎಚ್" ತೆಗೆಯಬೇಕು, ಅಂದರೆ ಮೈದಾನದಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರಕ್ಕೆ ಕಂಬ ನೆಟ್ಟಿರುತ್ತಾರೆ, ಅದರೊಳಗೆ ಕಂಬಕ್ಕೆ ತಾಗದಂತೆ ಮುಂದೆ ಹೋಗಿ ಹಿಂದೆ ಬರಬೇಕು. ಮೊದಲ ಸಲ ನಾನು ಕಂಬವನ್ನು ಬೀಳಿಸಿದೆ. ನನ್ನದೇ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದೇ ದಿನ ಪಾಸಾಗಿ, "ಟೀಚರ್, ಬೇಸರ ಮಾಡ್ಬೇಡಿ, ಇನ್ನೊಮ್ಮೆ ಬರೆಯಿರಿ" ಎಂದಳು. ಅವಳಿಗೆ ಹತ್ತನೆಯ ತರಗತಿಯಲ್ಲಿ ಈ ಮಾತನ್ನು ನಾನು ಹೇಳಿದ್ದೆನಂತೆ. ಎರಡನೆಯ ಸಲಕ್ಕೆ ಎಚ್ ತೆಗೆದೆ.

ಆಮೇಲೆ ನಡೆದದ್ದು ವಿಚಿತ್ರ. ಓಡಿಸುವವರು ಯಾರು ಎಂದು ಕೇಳಿದ ಅದೇ ಬಾಯಿಗಳು ನನಗೆ ಫೋನು ಮಾಡತೊಡಗಿದವು. ಮಾವನಿಗೆ ಕಣ್ಣಿನ ಆಪರೇಷನ್ ಮಂಗಳೂರಿನಲ್ಲಿ. ಗಡಿಯಾಚೆ ಹೋಗುವುದಕ್ಕೆ ನಾನು. ಅತ್ತಿಗೆಯ ಮಂಡಿನೋವಿನ ಡಾಕ್ಟರಿಗೆ ನಾನು. ಗಲ್ಫಿನಿಂದ ಬರುವ ಭಾವನನ್ನು ವಿಮಾನ ನಿಲ್ದಾಣದಿಂದ ಕರೆತರಲು ನಾನು, ಏಕೆಂದರೆ ಅವನ ಪೆಟ್ಟಿಗೆಗಳು ಹಿಡಿಸುವಷ್ಟು ಡಿಕ್ಕಿ ನನ್ನ ಕಾರಿನದು ಮಾತ್ರ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದ ಅಷ್ಟೂ ವರ್ಷ, ಇವತ್ತು ಇದ್ದ ದಾರಿ ನಾಳೆ ಇಲ್ಲದ ಆ ಕೆಂಪು ಧೂಳಿನಲ್ಲಿ, ನಾನು ನಮ್ಮ ಕುಟುಂಬದ ಕಣ್ಣು, ಕಿವಿ, ಮಂಡಿ, ಹೃದಯಗಳನ್ನೆಲ್ಲ ಮಂಗಳೂರಿಗೆ ಸಾಗಿಸಿದ್ದೇನೆ. ಹೊಟ್ಟೆ ಉಜ್ಜುವ ಕಾರು ಎಂದು ಆಗ ಯಾರೂ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಹೋದರು.

ಹೋದ ವರ್ಷ ಅಣ್ಣನ ಮಗನಿಗೆ ಮದುವೆ ನಿಶ್ಚಯವಾಯಿತು. ಹುಡುಗಿ ಮನೆಯವರು ಕುಂಜತ್ತೂರಿನ ಕಡೆಯವರು, ಮದುವೆ ಅಲ್ಲಿಯೇ ಒಂದು ಸಭಾಭವನದಲ್ಲಿ. ನನ್ನ ತವರುಮನೆ ಇರುವುದು ಅಗಲ್ಪಾಡಿಯಿಂದ ಒಳಗೆ. ಹುಡುಗನ ದಿಬ್ಬಣ ಅಲ್ಲಿಂದ ಹೊರಟು ಬದಿಯಡ್ಕ, ಕುಂಬಳೆ ಹಾದು ಗಡಿಯ ಹತ್ತಿರದವರೆಗೆ ಹೋಗಬೇಕು. ಆಮಂತ್ರಣ ಕೊಡಲು ಅಣ್ಣ, ಅತ್ತಿಗೆ, ಮಾವ ಮೂವರೂ ನನ್ನ ಮನೆಗೆ ಬಂದರು. ಮದುಮಗನೂ ಬಂದಿದ್ದ. ಬೆಲ್ಲ ನೀರು, ಆಮೇಲೆ ಕಾಫಿ ಕೊಟ್ಟೆ, ಕುಡಿದರು. ಮಾವ ಹೊರಗೆ ಹೋಗಿ ನನ್ನ ಕಾರಿಗೆ ಒಂದು ಸುತ್ತು ಬಂದು, ಬೆರಳಿನಿಂದ ಬಾನೆಟ್ ಮೇಲೆ ಕುಟ್ಟಿ ಒಳಗೆ ಬಂದರು.

"ಮದುಮಗನನ್ನು ಕರೆದುಕೊಂಡು ಹೋಗುವುದಕ್ಕೆ ಇದೇ ಲಾಯಕ್ಕು. ಉದ್ದ ಉಂಟು. ಹೂ ಕಟ್ಟಿದರೆ ಚಂದ ಕಾಣ್ತದೆ."

ನನಗೆ ಎಷ್ಟು ಸಂತೋಷವಾಯಿತು ಎಂದರೆ, ಕಾಫಿ ಲೋಟಗಳನ್ನು ತೆಗೆಯುತ್ತಿದ್ದ ಕೈ ನಿಂತಿತು. ಇವರು ಇದ್ದಿದ್ದರೆ ತಾವೇ ಓಡಿಸುತ್ತಿದ್ದರು. ಇವರಿಲ್ಲದ ಮೇಲೆ ನಾನು.

"ಹಾಗಾದರೆ ಹಿಂದಿನ ದಿನವೇ ಬರ್ತೇನೆ ಮಾವ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುವುದು?"

ಅತ್ತಿಗೆ ತಮ್ಮ ಬಳೆಯನ್ನು ನೋಡಿಕೊಂಡರು. ಅಣ್ಣ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ.

"ನೀನು ಯಾಕೆ ಕಷ್ಟಪಡ್ತೀ?" ಎಂದರು ಮಾವ. "ಡ್ರೈವರ್ ಒಬ್ಬನಿಗೆ ಹೇಳಿದ್ದೇನೆ. ನೀನು ಕೀ ಮಾತ್ರ ಕೊಡು, ಸಾಕು."

"ನನ್ನ ಕಾರನ್ನು ನಾನು ಓಡಿಸುವುದು ಎಂತ ಕಷ್ಟ?"

"ಕಷ್ಟ ಅಂತ ಅಲ್ಲ ಮಾರಾಯ್ತಿ. ದಿಬ್ಬಣ ಅಲ್ಲವಾ. ಮದುಮಗನ ಎದುರಿಗೆ ಕೂರುವುದು. ನಿನಗೆ ಬೇರೆ ಹೇಳಬೇಕಾ? ನೀನು ಓದಿದವಳು."

ಓದಿದವಳು ಎಂದರೆ, ತಾವು ಬಾಯಿಬಿಟ್ಟು ಹೇಳಲು ನಾಚುವುದನ್ನು ನಾನೇ ತಿಳಿದುಕೊಂಡು ಬಾಯಿ ಮುಚ್ಚಿಕೊಳ್ಳಬೇಕಾದವಳು. ಗಂಡ ಸತ್ತವಳು ಶುಭಕ್ಕೆ ಹೊರಟವರ ಎದುರು ಬರಬಾರದು. ಮಾವನ ಕಣ್ಣಿನ ಆಪರೇಷನ್ ಮುಗಿಸಿ ಮಂಗಳೂರಿನಿಂದ ಬರುವಾಗ ಅವರ ಎದುರೇ ಕೂತು ಓಡಿಸಿದ್ದೆ. ಆಗ ಕಣ್ಣಿಗೆ ಕಟ್ಟು ಹಾಕಿದ್ದರಿಂದ ಕಾಣಲಿಲ್ಲವೋ ಏನೋ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಹಳೆಯ ಗಾದೆ. ನಮ್ಮ ನೆಂಟರು ದೋಣಿಯನ್ನು ಇಟ್ಟುಕೊಂಡು ಅಂಬಿಗನನ್ನು ಮಾತ್ರ ಇಳಿಸಲು ಬಂದಿದ್ದರು.

ನಾನು ಮದುಮಗನ ಮುಖ ನೋಡಿದೆ. ಈ ಮನೆಯಲ್ಲಿ ವರ್ಷಗಟ್ಟಲೆ ಉಂಡು ಮಲಗಿ ಬೆಳೆದವನು, ಒಂದು ಮಾತು ಹೇಳಬಹುದಿತ್ತು. ಅವನು ಲೋಟದ ತಳದ ಕಾಫಿಯನ್ನು ತಿರುಗಿಸುತ್ತಾ ಕೂತಿದ್ದ. ಮಾವನ ಮಾತು ನನಗೆ ಸಿಟ್ಟು ತರಿಸಿತು, ಅಷ್ಟೇ. ನೋವಾದದ್ದು ಅವನ ಸುಮ್ಮನಿರುವಿಕೆಯಿಂದ.

"ಕಾರು ಬೇಕಾದರೆ ನಾನೂ ಬರ್ತೇನೆ," ಎಂದೆ. "ನಾನು ಬೇಡವಾದರೆ ಕಾರೂ ಇಲ್ಲ. ಕೀ ಕೊಡುವುದಿಲ್ಲ."

ಮುಂದಿನ ಒಂದು ತಿಂಗಳು ಫೋನಿಗೆ ಬಿಡುವಿರಲಿಲ್ಲ. ಅತ್ತಿಗೆ ನಯವಾಗಿ ಹೇಳಿದರು, "ನಮಗೆಲ್ಲ ಎಂತದೂ ಇಲ್ಲ, ಹುಡುಗಿ ಮನೆಯವರು ಎಂತ ಹೇಳ್ತಾರೋ ಅಂತ." ಹುಡುಗಿ ಮನೆಯವರು ಇದರ ಸುದ್ದಿಯನ್ನೇ ಕೇಳಿದವರಲ್ಲ. ಅಣ್ಣ ಹೇಳಿದ, "ಒಂದು ದಿನದ ಮಟ್ಟಿಗೆ ಹಠ ಬಿಡು." ನಾನು ಹೇಳಿದೆ, ಒಂದು ದಿನದ ಮಟ್ಟಿಗೆ ನೀವು ಬಿಡಿ. ದೂರದ ಚಿಕ್ಕಮ್ಮನೊಬ್ಬಳು, ನನ್ನ ಕಾರಿನಲ್ಲಿ ಕಿವಿಯ ಡಾಕ್ಟರಿಗೆ ಹೋಗಿಬಂದವಳು, "ನಿನಗೆ ಅಹಂಕಾರ" ಎಂದಳು. ಹೌದು ಎಂದೆ. ಕಿವಿ ಸರಿಯಾಗಿ ಕೇಳಿಸಿರಬೇಕು, ಫೋನು ಇಟ್ಟಳು.

ಕೊನೆಗೆ ಅವರು ಕಾಸರಗೋಡಿನಿಂದ ಒಂದು ಕಾರು ಬಾಡಿಗೆಗೆ ಗೊತ್ತುಮಾಡಿದರು. ನನಗೂ ಒಂದು ಕೆಲಸ ಸಿಕ್ಕಿತು. ಅಮ್ಮನನ್ನು ಕರೆತರುವುದು ನನ್ನ ಕಾರಿನಲ್ಲಿ. ಜೊತೆಗೆ ಡಿಕ್ಕಿಯಲ್ಲಿ ಕುಡಿಯುವ ನೀರಿನ ಕ್ಯಾನುಗಳು. ಅಮ್ಮನಿಗೆ ಎಂಬತ್ತು ದಾಟಿದೆ, ಅಪ್ಪ ಹೋದದ್ದು ನನ್ನ ಮದುವೆಗೂ ಮೊದಲು. ಗಂಡ ಸತ್ತ ಇಬ್ಬರನ್ನೂ ಒಂದೇ ಕಾರಿನಲ್ಲಿ ತುಂಬಿ ಎಲ್ಲರ ಹಿಂದೆ ಕಳಿಸಿದರೆ ಲೆಕ್ಕ ಮುಗಿಯಿತು ಎಂದು ಮಾವ ಯೋಚಿಸಿದ್ದರು.

ಅಮ್ಮನಿಗಾಗಿ ಒಪ್ಪಿಕೊಂಡೆ. ಅಮ್ಮ ಈವರೆಗೆ ಯಾವ ದಿಬ್ಬಣದಲ್ಲೂ ಹೋದವಳಲ್ಲ. ಅಣ್ಣನ ದಿಬ್ಬಣ ಹೊರಟಾಗ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದಳು. ನನ್ನ ಮದುವೆ ಮನೆಯಂಗಳದಲ್ಲೇ ಆದದ್ದು. ಗಂಡಿನ ದಿಬ್ಬಣದ ಓಲಗ ಕೇಳಿದಾಗ ನಾನು ಸೀರೆ, ಹೂವು ಎಲ್ಲ ಹೊತ್ತುಕೊಂಡು ಅಮ್ಮನನ್ನು ಹುಡುಕಿದೆ. ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತಿದ್ದಳು. "ನನ್ನನ್ನು ನೋಡಬೇಡ, ಹೋಗು ಹೋಗು," ಎಂದು ಕೈಬೀಸಿ ಓಡಿಸಿದಳು. ತನ್ನ ನೋಟ ತಾಗಿದರೆ ಮಗಳ ಬದುಕು ಕೆಡುತ್ತದೆಂದು ಅವಳು ನಿಜವಾಗಿಯೂ ನಂಬಿದ್ದಳು. ಈಗಲೂ ನಂಬಿದ್ದಾಳೆ.

ತವರುಮನೆ ಇರುವುದು ತಗ್ಗಿನಲ್ಲಿ. ಮೇಲಿನ ಡಾಮರು ರಸ್ತೆಯಿಂದ ಅಂಗಳಕ್ಕೆ ಒಂದು ಕಾಂಕ್ರೀಟ್ ದಾರಿ ಇಳಿಯುತ್ತದೆ. ಒಂದು ಬದಿಗೆ ಮುರಕಲ್ಲಿನ ಗೋಡೆ, ಇನ್ನೊಂದು ಬದಿಗೆ ನೀರು ಹರಿಯುವ ತೋಡು. ಒಂದು ಕಾರು ಇಳಿಯಿತೆಂದರೆ ಅದರ ಬದಿಯಿಂದ ನುಸುಳಲು ನಾಯಿಯೂ ಯೋಚಿಸಬೇಕು. ಬೇರೆ ದಿನಗಳಲ್ಲಿ ಕಾರುಗಳು ಇಳಿದು ಅಂಗಳದಲ್ಲಿ ತಿರುಗಿ ನಿಲ್ಲುತ್ತವೆ. ಮದುವೆಯ ಮುಂಚಿನ ಸಂಜೆ ನಾನು ಹೋದಾಗ ಅಂಗಳದ ತುಂಬ ಚಪ್ಪರದ ಕಂಬಗಳಿದ್ದವು, ತಿರುಗಿಸಲು ಜಾಗವಿರಲಿಲ್ಲ. ಮಾವ ಮೇಲಿನ ರಸ್ತೆಯಲ್ಲಿ ಒಂದು ಕೋಲು ಹಿಡಿದು ನಿಂತಿದ್ದರು. ಕಾರುಗಳನ್ನೆಲ್ಲ ಅಲ್ಲಿಯೇ ತಡೆದಿದ್ದರು.

"ಎಲ್ಲರೂ ಹಿಂದೆ ಹಿಂದೆ ಇಳಿಸಿ. ಬೆಳಿಗ್ಗೆ ಹೊರಡುವಾಗ ಸೀದಾ ಹೋಗಬಹುದು," ಎಂದು ಆಜ್ಞೆ ಕೊಟ್ಟರು.

ಅದು ಒಳ್ಳೆಯ ಆಲೋಚನೆಯೇ. ಆದರೆ ಮಾವನಿಗೆ ಕಾರು ಬಿಡಲು ಬರುವುದಿಲ್ಲ, ಮರ್ಯಾದೆಯ ಕ್ರಮ ಮಾತ್ರ ಬರುತ್ತದೆ. ಮೊದಲು ಮದುಮಗನ ಬಾಡಿಗೆ ಕಾರನ್ನು ಇಳಿಸಿದರು. ಅದು ಹಿಮ್ಮುಖವಾಗಿ ಚಪ್ಪರದ ಬಾಯಿಯವರೆಗೆ ಹೋಗಿ ನಿಂತಿತು. ಅದರ ಮುಂದೆ ತಮ್ಮ ಮಗನ ಕಾರು. ಆಮೇಲೆ ಅತ್ತಿಗೆಯ ತವರಿನವರದ್ದು, ಅದರ ಮುಂದೆ ಗಲ್ಫಿನ ಭಾವನದ್ದು. ಹೀಗೆ ಒಂದೊಂದನ್ನೇ ಹಿರಿತನ ನೋಡಿ ಒಳಗೆ ಬಿಡುತ್ತಾ ಬಂದು, ಎಲ್ಲ ಮುಗಿದ ಮೇಲೆ ನನ್ನ ಕಡೆ ಕೋಲು ತೋರಿಸಿದರು.

"ನಿನ್ನದು ಎಲ್ಲರಿಂದ ಕಡೆಗೆ. ಇಲ್ಲಿ ಮೇಲೆಯೇ ನಿಲ್ಲಿಸು."

ಮಕ್ಕಳಿಗೆ ನಾನು ಇದನ್ನು ಡಬ್ಬಿಯಲ್ಲಿ ದೋಸೆ ಇಟ್ಟ ಹಾಗೆ ಎಂದು ಕಲಿಸುತ್ತೇನೆ. ಕಡೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ. ಉಳಿದ ಕಾರಿನವರಿಗೂ ಗೊತ್ತಾಗಿರಲೇಬೇಕು. ಭಾವ ಮುಂದಿನ ಗಾಜಿನಿಂದ ನನ್ನನ್ನು ನೋಡಿ ಹುಬ್ಬೇರಿಸಿದ್ದನ್ನು ನಾನು ಕಂಡೆ. ಆದರೆ ಮಾವನಿಗೆ ಯಾರು ಹೇಳುತ್ತಾರೆ? ನಮ್ಮ ಮನೆಯಲ್ಲಿ ಈವರೆಗೆ ಅವರಿಗೆ ಎದುರಾಡಿದವಳೆಂದರೆ ನಾನೊಬ್ಬಳೇ. ಆ ಸಂಜೆ ನಾನೂ ಎದುರಾಡಲಿಲ್ಲ.

"ಆಗಲಿ ಮಾವ," ಎಂದು ಹಿಂದೆ ತೆಗೆದು, ಕಾರಿನ ಮೂತಿ ಡಾಮರು ರಸ್ತೆಗೆ ಮುಖಮಾಡುವ ಹಾಗೆ ದಾರಿಯ ಬಾಯಲ್ಲಿ ನಿಲ್ಲಿಸಿದೆ.

ಮದುವೆ ಸೋಮವಾರ. ಏಳೂವರೆಗೆ ರಾಹುಕಾಲ ಶುರುವಾಗುತ್ತದೆ, ಅದಕ್ಕೆ ಮೊದಲು ದಿಬ್ಬಣ ಹೊರಡಬೇಕು. ಮದುಮಗನಿಗೆ ಪೇಟ ಕಟ್ಟಿ, ದೇವರ ಕೋಣೆಯಲ್ಲಿ ಅಡ್ಡಬೀಳಿಸಿ, ಹೂವಿನ ಕಾರಿನ ಎದುರು ತೆಂಗಿನಕಾಯಿ ಒಡೆಯುವಾಗ ಏಳು ಗಂಟೆ ಯಾವಾಗಲೋ ದಾಟಿತ್ತು. ನಾನು ಅಮ್ಮನನ್ನು ಹಿತ್ತಲ ಬಾಗಿಲಿನಿಂದ ಕರೆದುಕೊಂಡು ಮೊದಲೇ ಏರಿ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದೆ. ಕೆಳಗೆ ಬಾಗಿಲುಗಳು ಮುಚ್ಚಿದ ಸದ್ದಾಯಿತು, ಎಂಜಿನ್‌ಗಳು ಶುರುವಾದವು. ಆಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಮಾವ ಏರುದಾರಿಯಲ್ಲಿ, ಗೋಡೆಗೂ ಕಾರುಗಳಿಗೂ ನಡುವೆ ಜರಿಯಂಚಿನ ಶಾಲನ್ನು ಉಜ್ಜಿಕೊಂಡು, ಏದುಸಿರು ಬಿಡುತ್ತಾ ಬಂದರು.

"ನಿನ್ನ ಕಾರು ತೆಗೆ!"

"ಎಲ್ಲಿಗೆ ಮಾವ?"

ಅವರು ಹಿಂದೆ ನೋಡಿದರು. ಕಾರುಗಳ ಸಾಲು. ಎಲ್ಲಕ್ಕಿಂತ ಕೆಳಗೆ, ಕಟ್ಟಕಡೆಗೆ, ಹೂವಿನ ಕಾರು. ವಾಚು ನೋಡಿದರು. ನಡುವಿನ ಕಾರುಗಳು ಮೇಲೆ ಹೋಗಿ ಬದಿಗೆ ನಿಂತು ಮದುಮಗನಿಗೆ ದಾರಿ ಬಿಡಬಹುದು, ಅದು ಅವರಿಗೂ ಹೊಳೆಯಿತು.

"ಎಲ್ಲರೂ ಮೇಲೆ ಹೋಗಿ ಬಸ್ ಸ್ಟಾಪಿನ ಹತ್ತಿರ ಬದಿಗೆ ನಿಲ್ಲಿ," ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದರು. ನನ್ನ ಕಿಟಕಿಗೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು, "ನೀನಂತೂ ನಿಲ್ಲಲೇಬೇಕು. ಗೊತ್ತುಂಟಲ್ಲ?"

ಅಮ್ಮ ಆಗಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸೀಟಿನಲ್ಲಿ ಕೆಳಕ್ಕೆ ಜಾರಿದ್ದಳು.

ಬಸ್ ಸ್ಟಾಪಿನ ಎದುರು ಬೇಕಾದಷ್ಟು ಜಾಗವಿದೆ. ನನ್ನ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಬದಿಗೆ ಹೋಗಿ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಹೂವಿನ ಕಾರು ತಗ್ಗಿನಿಂದ ಮೇಲೆ ಬಂದು ಅವರೆಲ್ಲರನ್ನು ದಾಟಿತು. ನಾನು ನಿಲ್ಲಲಿಲ್ಲ. ನಿಧಾನವಾಗಿ, ಎರಡನೆಯ ಗೇರಿನಲ್ಲಿ, ರಸ್ತೆಯ ನಡುವೆ ಹೋಗುತ್ತಲೇ ಇದ್ದೆ. ಹೂವಿನ ಕಾರು ನನ್ನ ಹಿಂದೆ ಬಂತು. ಅದರ ಹಿಂದೆ ಮಾವ ಇದ್ದ ಕಾರು, ಅದರ ಹಿಂದೆ ಎಲ್ಲರೂ. ನನ್ನ ಫೋನು ಬಡಿದುಕೊಳ್ಳತೊಡಗಿತು. ಓಡಿಸುವಾಗ ಫೋನು ತೆಗೆಯಬಾರದು, ಕಾನೂನು.

"ನಿಲ್ಲಿಸು ಮಗಾ," ಎಂದಳು ಅಮ್ಮ. "ನಾವು ಎದುರು ಹೋಗಬಾರದು. ಪಾಪದ ಹುಡುಗ. ಅವನಿಗೆ ಎಂತಾದರೂ ಆದರೆ?"

"ಎಂತದೂ ಆಗುವುದಿಲ್ಲ. ನೇರ ಕೂತುಕೋ."

"ನಿನ್ನ ಕಾಲು ಹಿಡೀತೇನೆ, ಬದಿಗೆ ಹಾಕು."

ಎಂಬತ್ತು ದಾಟಿದ ತಾಯಿ ಮಗಳಿಗೆ ಹೇಳುವ ಮಾತೇ ಅದು? ನನಗೆ ಬಂದ ಸಿಟ್ಟು ಮಾವನ ಮೇಲಿನದೋ ಅಮ್ಮನ ಮೇಲಿನದೋ ನನಗೇ ತಿಳಿಯಲಿಲ್ಲ. ಯಾರಿಗೂ ಹೇಳಬಾರದ ಮಾತನ್ನು ಅವಳಿಗೆ ಹೇಳಿದೆ.

"ನನ್ನ ಮದುವೆಗೆ ನೀನು ಎದುರು ಬಂದಿರಲಿಲ್ಲ ಅಲ್ಲವಾ? ಉಗ್ರಾಣದಲ್ಲಿ ಅಡಗಿ ಕೂತಿದ್ದೆ. ಎಂತ ಉಳಿಯಿತು ಅದರಿಂದ? ಇವರು ಹೋಗಲಿಲ್ಲವಾ?"

ಬದಿಯಡ್ಕ ಬಂತು, ಹೋಯಿತು. ಅಮ್ಮ ಸೆರಗಿನೊಳಗೆ ಅಳುತ್ತಿದ್ದಾಳೋ ಎಂದು ಓರೆಗಣ್ಣಿನಿಂದ ನೋಡಿದೆ. ಅಳುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೇಳಿದ್ದಕ್ಕೆ ನನಗೆ ಸಂಕಟವಾಯಿತು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಅಷ್ಟು ವರ್ಷಗಳಲ್ಲಿ ಯಾರೋ ಒಬ್ಬರು ಅವಳಿಗೆ ಅದನ್ನು ಹೇಳಬೇಕಿತ್ತು.

ಕುಂಬಳೆಯವರೆಗೆ ದಾರಿ ತಿರುವು ಮುರುವು, ಯಾರೂ ಯಾರನ್ನೂ ದಾಟುವಂತಿಲ್ಲ. ಕುಂಬಳೆಯಲ್ಲಿ ಹೆದ್ದಾರಿ ಸಿಕ್ಕಿತು. ಈಗ ಅದು ಅಕ್ಕಪಕ್ಕದಲ್ಲಿ ಕಾರುಗಳು ಹೋಗುವಷ್ಟು ಅಗಲ. ನಾನು ಯೋಚಿಸಿದೆ. ಇಲ್ಲಿಯವರೆಗೆ ದಾರಿ ಚಿಕ್ಕದಾಗಿದ್ದರಿಂದ ನಾನು ಮುಂದಿದ್ದೆ. ಅದರಲ್ಲಿ ದೊಡ್ಡಸ್ತಿಕೆ ಏನಿದೆ? ಯಾರನ್ನೋ ಕಟ್ಟಿಹಾಕಿ ಮುಂದೆ ಹೋಗುವುದು ನನಗೆ ಬೇಡ. ಎಡದ ಇಂಡಿಕೇಟರ್ ಹಾಕಿ ಪೂರ್ತಿ ಎಡಕ್ಕೆ ಸರಿದು ವೇಗ ಇಳಿಸಿದೆ. ಬಲಗಡೆ ಇಡೀ ಹೆದ್ದಾರಿ ಖಾಲಿ ಇತ್ತು. ಹೋಗುವುದಾದರೆ ಹೋಗು ಮಗಾ, ಎಂದುಕೊಂಡೆ.

ಕನ್ನಡಿಯಲ್ಲಿ ಹೂವಿನ ಕಾರು ಬಲಕ್ಕೆ ಸ್ವಲ್ಪ ವಾಲಿತು. ಹಿಂದಿನ ಸೀಟಿನಿಂದ ಪೇಟ ಕಟ್ಟಿದ ತಲೆಯೊಂದು ಮುಂದಕ್ಕೆ ಬಗ್ಗಿ ಡ್ರೈವರನ ಹೆಗಲು ಮುಟ್ಟಿತು. ಕಾರು ಮತ್ತೆ ಎಡಕ್ಕೆ ಬಂತು. ನನ್ನ ಹಿಂದೆ, ಅಷ್ಟೇ ನಿಧಾನವಾಗಿ, ಬರತೊಡಗಿತು.

ನನಗೆ ಅಳು ಬಂತು. ಕನ್ನಡಕ ಮಂಜಾದದ್ದರಿಂದ ಅಮ್ಮನ ಸೆರಗಿನ ತುದಿಯಲ್ಲಿ ಒರೆಸಿಕೊಂಡೆ.

"ದಾರಿ ನೋಡಿ ಓಡಿಸು," ಎಂದಳು ಅಮ್ಮ. ಆಮೇಲೆ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಿಂದ ತುಂಬ ಹೊತ್ತು ನೋಡಿದಳು. "ಅವನಿಗೆ ಜಾಗ ಉಂಟಲ್ಲ. ಯಾಕೆ ಮುಂದೆ ಹೋಗುವುದಿಲ್ಲ?"

"ಅಜ್ಜಿಯ ಹಿಂದೆ ಬರ್ತಾನಂತೆ."

ಅಮ್ಮ ತಿರುಗಿ ಕೂತಳು. ತಲೆಯ ಮೇಲಿದ್ದ ಸೆರಗು ಕೆಳಗೆ ಜಾರಿತ್ತು, ಮತ್ತೆ ಎಳೆದುಕೊಳ್ಳಲಿಲ್ಲ. ಉಪ್ಪಳ ದಾಟುವಾಗ ಬೆನ್ನಿಗೆ ದಿಂಬು ಇದೆಯೇ ಎಂದು ಕೇಳಿದಳು. ದಿಂಬು ಇರಲಿಲ್ಲ, ಸೀಟಿನ ಬೆನ್ನನ್ನು ನೇರ ಮಾಡಿ ಕೊಟ್ಟೆ.

ಮಾವನ ಫೋನು ಬರುತ್ತಲೇ ಇತ್ತು. ಅವರ ಕಾರು ಮುಂದೆ ಬಂದು ನನ್ನನ್ನು ತಡೆಯಬಹುದಿತ್ತು. ಆದರೆ ಮದುಮಗನ ಕಾರನ್ನು ಹಿಂದೆ ಹಾಕಿ ಮುಂದೆ ಬರುವುದೂ ಶಾಸ್ತ್ರಕ್ಕೆ ಆಗುವುದಿಲ್ಲ. ಕಟ್ಟಳೆ ಹೇಳುವವರು ತಮ್ಮ ಕಟ್ಟಳೆಯೊಳಗೇ ಸಿಕ್ಕಿಕೊಂಡು ಕುಂಜತ್ತೂರಿನವರೆಗೆ ಬಂದರು.

ಸಭಾಭವನದ ಎದುರು ಹುಡುಗಿ ಕಡೆಯವರು ಸಾಲಾಗಿ ನಿಂತಿದ್ದರು. ದಿಬ್ಬಣದ ಮೊದಲ ಕಾರು ಗೇಟು ಹೊಕ್ಕದ್ದೇ ಓಲಗ ಶುರುವಾಯಿತು. ಅವರಿಗೆ ಒಳಗೆ ಯಾರಿದ್ದಾರೆಂದು ಹೇಗೆ ಗೊತ್ತು? ನಾನು ಕಾರು ನಿಲ್ಲಿಸಿ, ಸುತ್ತು ಬಂದು ಅಮ್ಮನನ್ನು ಇಳಿಸಿಕೊಳ್ಳೋಣವೆಂದು ಬೆಲ್ಟು ಬಿಚ್ಚುವಷ್ಟರಲ್ಲಿ ಅಮ್ಮ ತಾನೇ ಬಾಗಿಲು ತೆರೆದು ಇಳಿದಿದ್ದಳು. ಗಿಂಡಿ ಹಿಡಿದು ಬಂದಿದ್ದ ಹೆಂಗಸು, ಹುಡುಗಿಯ ದೊಡ್ಡಮ್ಮನಂತೆ, ಅಮ್ಮನ ಖಾಲಿ ಹಣೆಯನ್ನು ನೋಡಿ ಒಂದು ಚಣ ನಿಂತರು. ಆಮೇಲೆ, "ಮದುಮಗನ ಅಜ್ಜಿಯಾ? ಬನ್ನಿ ಬನ್ನಿ," ಎಂದು ಬಗ್ಗಿ ಅಮ್ಮನ ಕಾಲಿಗೆ ನೀರು ಹೊಯ್ದರು. ಬೆಲ್ಲದ ತಟ್ಟೆ, ನೀರಿನ ಲೋಟ ಮುಂದೆ ಬಂದವು. ಅಮ್ಮ ಬೆಲ್ಲದ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಹೂವಿನ ಕಾರಿನ ಹಿಂದೆ ಮಾವನ ಕಾರೂ ಬಂದು ನಿಂತಿತು. ಅವರು ಇಳಿದವರೇ ನನ್ನನ್ನು ದಾಟಿ ನೇರ ಅಮ್ಮನ ಹತ್ತಿರ ಹೋದರು. ಹುಡುಗಿ ಕಡೆಯವರ ಎದುರು ನಗುಮುಖ ಇಟ್ಟುಕೊಂಡೇ, ಹಲ್ಲಿನ ಸಂದಿಯಿಂದ ಹೇಳಿದರು.

"ಇವಳಿಗಂತೂ ಬುದ್ಧಿ ಇಲ್ಲ. ಅಕ್ಕಾ, ನೀನಾದರೂ ನಿಲ್ಲಿಸು ಅಂತ ಒಂದು ಮಾತು ಹೇಳಬಾರದಿತ್ತಾ?"

ಅಮ್ಮ ತಪ್ಪಾಯಿತು ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಬಾಯಲ್ಲಿದ್ದ ಬೆಲ್ಲವನ್ನು ನಿಧಾನವಾಗಿ ನುಂಗಿದಳು.

"ಅವಳು ನಿಲ್ಲಿಸ್ತೇನೆ ಅಂತಲೇ ಹೇಳಿದ್ದು," ಎಂದಳು ಅಮ್ಮ ತಮ್ಮನಿಗೆ. "ನಾನೇ ಬೇಡ ಅಂದೆ."

ಮತ್ತೆ ಲೋಟ ಚಾಚಿ ಇನ್ನಷ್ಟು ನೀರು ಕೇಳಿದಳು.